ತಮ್ಮ ಕೂತಿದ್ದ ಕೋಣೆಗೆ ಬಂದ ಲೆಸಿಯೆಲಿ

ಏಪ್ರಿಲ್ ತಿಂಗಳ ಒಂದು ಭಾನುವಾರ, ಚರ್ಚು ಬಿಟ್ಟು ಎಲ್ಲರೂ ಊಟಕ್ಕೆ ಸೇರಿದ್ದ ಹೊತ್ತಿನಲ್ಲಿ, ಲೆಸಿಯೆಲಿ ತನ್ನ ತಮ್ಮ ಕೆಲೆಪಿ ಕೂತಿದ್ದ ಕೋಣೆಯೊಳಗೆ ಸೀದಾ ನಡೆದು ಬಂದಳು. ಬಂದವಳು ಅವನ ಪಕ್ಕದಲ್ಲೇ ಚಾಪೆಯ ಮೇಲೆ ಕೂತು, ಅವನ ಮೊಣಕಾಲಿನ ಮೇಲೆ ಕೈಯಿಟ್ಟು, ಅವತ್ತು ಪಾದ್ರಿಗೆ ಉಪದೇಶದ ನಡುವೆ ಸೀನು ಬಂದದ್ದನ್ನು ಹೇಳಿಕೊಂಡು ನಕ್ಕಳು.

ಕೋಣೆಯಲ್ಲಿ ಮತ್ತೊಬ್ಬರೂ ನಗಲಿಲ್ಲ. ಆಕೆಗೆ ಎಪ್ಪತ್ತೊಂದು, ತಮ್ಮನಿಗೆ ಅರವತ್ತೆಂಟು. ಮೈನೆರೆದ ದಿನದಿಂದ ಈಚೆಗೆ ಆಕೆ ತಮ್ಮನಿರುವ ಕೋಣೆಗೆ ಕಾಲಿಟ್ಟದ್ದನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ. ಪೆಸಿಫಿಕ್ ಸಾಗರದ ಈ ಟೋಂಗಾ ದ್ವೀಪಗಳ ಯಾವ ಮನೆಯಲ್ಲೂ ಅಕ್ಕತಮ್ಮಂದಿರು ಹಾಗೆ ಕೂರುವುದಿಲ್ಲ. ಒಬ್ಬರು ಟಿವಿ ನೋಡುತ್ತಿದ್ದರೆ ಇನ್ನೊಬ್ಬರು ಅಡುಗೆಮನೆಯಲ್ಲೇ ಉಳಿಯುತ್ತಾರೆ. ಒಬ್ಬರ ಕಿವಿಗೆ ಬೀಳುವಂತೆ ಇನ್ನೊಬ್ಬರು ನಗೆಮಾತು ಆಡುವುದಿಲ್ಲ. ಈ ದೂರವೇ ಅಲ್ಲಿ ಅಕ್ಕನಿಗೆ ಸಲ್ಲುವ ಮರ್ಯಾದೆ. ಹೊಲದ ಮೊದಲ ಗೆಣಸು ಅಕ್ಕನ ಮನೆಗೆ ಹೋಗುತ್ತದೆ. ತಮ್ಮನ ಮಕ್ಕಳಿಗೆ ಸೋದರತ್ತೆಯ ಮಾತಿನ ಮೇಲೆ ಮಾತಿಲ್ಲ.

ಕೆಲೆಪಿ ತಟ್ಟೆಯನ್ನು ಹಾಗೆಯೇ ಬಿಟ್ಟು ಎದ್ದು ಹೋದ. ಆ ವಾರ ಅವನ ಹೊಲದಿಂದ ಅಕ್ಕನ ಮನೆಗೆ ಗೆಣಸು ಹೋಗಲಿಲ್ಲ.

ಇದನ್ನೆಲ್ಲ ಬಾಗಿಲ ಬಳಿ ನಿಂತು ನೋಡಿದವಳು ಕೆಲೆಪಿಯ ಮಗಳು ಲವಿನಿಯಾ, ಸೊಂಟದ ಮೇಲೆ ತನ್ನ ಒಂಬತ್ತು ತಿಂಗಳ ಮಗು ಸಿಯಾಲೆಯನ್ನು ಹೊತ್ತುಕೊಂಡು. ಮಗುವಿಗೆ ಮೈ ಸ್ವಲ್ಪ ಬಿಸಿಯಾದರೂ ಡೆಂಗಿ ಇರಬಹುದೆಂದು ರಕ್ತ ಪರೀಕ್ಷೆಗೆ ಓಡುವ ಸ್ವಭಾವ ಅವಳದು. ಕಾಯಿಸಿದ ನೀರನ್ನೇ ಇನ್ನೊಮ್ಮೆ ಕಾಯಿಸುತ್ತಿದ್ದಳು. ರಾಜಧಾನಿ ನುಕುಅಲೋಫಾದ ಹಾಸ್ಟೆಲಿನಲ್ಲಿದ್ದು ಓದಿದವಳು, ಈಗ ಊರ ಆರೋಗ್ಯ ಕೇಂದ್ರದಲ್ಲಿ ಅರ್ಧ ದಿನದ ಕೆಲಸ. ಆ ತಿಂಗಳಷ್ಟೇ ಅವಳಿಗೂ ಜೊತೆಯ ನರ್ಸ್ ಹೆಲೆನೆಗೂ ಹೊಸ ತರಬೇತಿಯಾಗಿತ್ತು: ಅರವತ್ತು ದಾಟಿದವರ ಮನೆಮನೆಗೆ ಹೋಗಿ, ಒಂದಿಷ್ಟು ಪ್ರಶ್ನೆ ಕೇಳಿ, ಮರೆವಿನ ಕಾಯಿಲೆಯ ಮೊದಲ ಗುರುತು ಯಾರಲ್ಲಾದರೂ ಕಂಡರೆ ಆಸ್ಪತ್ರೆಗೆ ಚೀಟಿ ಬರೆಯುವುದು.

ಊರಿನವರು ಈ ವಿಷಯವನ್ನು ಬೇರೆ ರೀತಿಯಲ್ಲಿ ಅರ್ಥ ಮಾಡಿಕೊಂಡರು. ಲವಿನಿಯಾಳ ತಮ್ಮ ಮೊಸೆಸೆಗೆ ಮದುವೆ ಗೊತ್ತಾಗಿತ್ತು; ಹುಡುಗಿಯನ್ನು ಒಪ್ಪುವ ಮೊದಲು ಕೆಲೆಪಿ ಯಾರ ಕೈಲೂ ಅಕ್ಕನ ಅಭಿಪ್ರಾಯ ಕೇಳಿಸಿರಲಿಲ್ಲ. ಆ ಸಿಟ್ಟಿಗೆ ಲೆಸಿಯೆಲಿ ನಾಲ್ಕು ಜನರ ಎದುರು ಅವನ ಮುಖಕ್ಕೆ ಮಸಿ ಬಳಿದಳು ಎಂದು ಮಾತಾಯಿತು. ಕೆಲೆಪಿಯೂ ಅದನ್ನೇ ನಂಬಿದ.

"ಮದುವೇಲಿ ಸೋದರತ್ತೆ ಜಾಗಕ್ಕೆ ಪಕ್ಕದೂರಿನ ನನ್ನ ದೊಡ್ಡಪ್ಪನ ಮಗಳನ್ನ ಕರೀತೀನಿ," ಎಂದ.

ಲವಿನಿಯಾ ಮಗುವನ್ನು ಕೆಳಗಿಳಿಸಿದಳು. "ಅಪ್ಪಾ! ಅತ್ತೆ ಬದುಕಿರೋವಾಗಲೇನಾ?"

"ನಾನು ಬದುಕಿರೋವಾಗಲೇ ತಾನೆ ಅವಳು ಬಂದು ಪಕ್ಕದಲ್ಲಿ ಕೂತದ್ದು?"

ಮದುವೆಯ ಚಪ್ಪರದಲ್ಲಿ ಎಲ್ಲರಿಗಿಂತ ಮೇಲಿನ ಜಾಗ ಹುಡುಗನ ಸೋದರತ್ತೆಯದು. ಹುಡುಗಿ ಕಡೆಯವರು ತರುವ ಚಾಪೆ, ಮರದ ತೊಗಟೆ ಬಡಿದು ಮಾಡಿದ ತೊಗಟೆಬಟ್ಟೆ ಎಲ್ಲವೂ ಅವಳ ಮುಂದೆ ಇಳಿಯುತ್ತವೆ. ಅದರಲ್ಲಿ ಯಾರಿಗೆ ಏನು ಎಂದು ಹೇಳುವವಳೂ ಅವಳೇ. ಲೆಸಿಯೆಲಿಗೆ ಗಂಡನಿಲ್ಲ, ಮಕ್ಕಳಾಗಲಿಲ್ಲ. ಮೂವತ್ತು ವರ್ಷದಿಂದ ಊರ ಹೆಂಗಸರಿಗೆ ತೊಗಟೆಬಟ್ಟೆಯ ಕೆಲಸ ಕಲಿಸಿ, ಅವರೆಲ್ಲರ ಮುಂದಾಳಾಗಿ ಬಾಳಿದವಳು. ಆ ಜಾಗವನ್ನೂ ಅವಳಿಂದ ಕಿತ್ತುಕೊಂಡರೆ ಅವಳು ಮತ್ತೆ ಚರ್ಚಿಗೂ ಬರಲಾರಳು.

ಲವಿನಿಯಾಳಿಗೆ ಮಾತ್ರ ಬೇರೆಯೇ ಅನುಮಾನ. ಅತ್ತೆಗೆ ಸಿಟ್ಟು ಬಂದಿರಲಿಲ್ಲ, ಅತ್ತೆಗೆ ಮರೆತುಹೋಗಿತ್ತು.

ಆದರೆ ಕೇಳುವುದು ಹೇಗೆ? ಸೋದರಸೊಸೆಯಾದವಳು ಸೋದರತ್ತೆಯ ಎದುರು ಕೂತು 'ಇವತ್ತು ಯಾವ ವಾರ ಹೇಳಿ' ಎನ್ನುವುದೆಂದರೆ ಅವಳ ತಲೆಯ ಮೇಲೆ ಕಾಲಿಟ್ಟ ಹಾಗೆ. ಹೆಲೆನೆ ಉತ್ತರದ ದ್ವೀಪದವಳು, ನೆಂಟಸ್ತನವಿಲ್ಲ. ಅವಳನ್ನೇ ಕಳಿಸಿದಳು, ತಾನು ಹೊರಗೆ ದೀವಿಹಲಸಿನ ಮರದ ಕೆಳಗೆ ಮಗುವಿನ ಮೇಲಿನ ಸೊಳ್ಳೆ ಓಡಿಸುತ್ತ ಕೂತಳು.

ಹೆಂಗಸರು ಚರ್ಚಿನ ಸಭಾಂಗಣದಲ್ಲಿ ಉದ್ದನೆಯ ಹಲಗೆಯ ಎರಡೂ ಕಡೆ ಕೂತು ಮದುವೆಗೆಂದೇ ಐವತ್ತು ಅಂಕಣದ ಬಟ್ಟೆಗೆ ಅಂಟು ಹಾಕುತ್ತಿದ್ದರು. ಹೆಲೆನೆ ಕಾಗದ ಬಿಚ್ಚಿದ್ದೇ ತಡ, ಎಲ್ಲರ ಕೈಯೂ ನಿಂತಿತು.

"ಏನಮ್ಮಾ, ನನ್ನ ತಲೆ ತೂಕ ಹಾಕೋಕೆ ಬಂದ್ಯಾ? ತಕ್ಕಡಿ ಎಲ್ಲಿ?" ಎಂದಳು ಲೆಸಿಯೆಲಿ.

"ಒಂದೆರಡು ಪ್ರಶ್ನೆ ಅಷ್ಟೇ, ಅಮ್ಮಾ. ಇವತ್ತು ತಾರೀಕು ಎಷ್ಟು?"

"ತಾರೀಕು ಕಟ್ಕೊಂಡು ನಾನೇನು ಮಾಡ್ಲಿ? ಪ್ಲೇನ್ ಹತ್ತಬೇಕಾ?"

"ಹದಿನಾಲ್ಕು," ಎಂದಳು ಅವಳ ಪಕ್ಕದ ಫುಸಿ, ತಲೆ ಎತ್ತದೆ.

"ಹದಿನಾಲ್ಕು," ಎಂದಳು ಲೆಸಿಯೆಲಿ.

ಹೀಗೇ ಸಾಗಿತು. ದೋಣಿ, ತೆಂಗಿನಕಾಯಿ, ಕೊಡೆ, ಈ ಮೂರನ್ನು ನೆನಪಿಟ್ಟುಕೊಳ್ಳಿ ಎಂದಾಗ ಎದುರು ಸಾಲಿನವಳು ಸುಮ್ಮನೆ ಕೊಡೆ ಬಿಚ್ಚುವ ಹಾಗೆ ಕೈಯಾಡಿಸಿದಳು. ಒಂದು ನಿಮಿಷದಲ್ಲಿ ಎಷ್ಟಾಗುತ್ತೋ ಅಷ್ಟು ಮೀನಿನ ಹೆಸರು ಹೇಳಿ ಎಂದಾಗ ಇಡೀ ಸಭಾಂಗಣವೇ ಸಂತೆಯಾಯಿತು. ಹಿರಿಯಳು ತಡವರಿಸುವುದನ್ನು ಕಿರಿಯರು ಕೈಕಟ್ಟಿ ನೋಡುತ್ತ ಕೂರುವುದು ಆ ಊರಲ್ಲಿ ಇಲ್ಲ. ಹೆಲೆನೆಯೂ ಅಂಥದೇ ಊರಿನವಳು, ಅವಳಿಗೆ ಅದು ವಿಚಿತ್ರ ಅನಿಸಲೇ ಇಲ್ಲ. ಮೂವತ್ತಕ್ಕೆ ಇಪ್ಪತ್ತೆಂಟು ಬರೆದುಕೊಂಡು ನಗುನಗುತ್ತ ಹೊರಗೆ ಬಂದಳು.

"ನಿಮ್ಮತ್ತೆ ತಲೆ ನನ್ನದಕ್ಕಿಂತ ಚುರುಕಾಗಿದೆ ಕಣೇ. ಮಗೂದು ಬಿಟ್ಟು ಈಗ ಅವರ ಚಿಂತೆ ಹಚ್ಕೊಂಡಿದೀಯ, ಸುಮ್ನಿರು."

ಸುಮ್ಮನಿರುವ ಹಾಗೇ ಇರಲಿಲ್ಲ. ಸಂಜೆಯೊಳಗೆ ಇಪ್ಪತ್ತೆಂಟರ ಸುದ್ದಿ ಅಪ್ಪನ ಕಿವಿ ತಲುಪಿತು.

"ಕೇಳಿದ್ಯಾ? ನಿಮ್ಮ ಸರ್ಕಾರದ ಕಾಗದವೇ ಹೇಳ್ತಿದೆ," ಎಂದ ಕೆಲೆಪಿ. "ತಲೆ ಸರಿಯಾಗಿದೆ. ಅಂದ್ಮೇಲೆ ಬೇಕಂತ್ಲೇ ಮಾಡಿದಾಳೆ." ಮಾರನೆಯ ಬೆಳಿಗ್ಗೆ ಅವನು ಪಕ್ಕದೂರಿಗೆ ಒಂದು ಹಂದಿಮರಿ ಕಳಿಸಿದ, ಮದುವೆಗೆ ಕರೆಯುವ ಮೊದಲ ಗೌರವವೆಂದು.

ತಾನೇ ತಂದ ಕಾಗದ ಅತ್ತೆಯ ಮೇಲೆ ಸಾಕ್ಷಿ ಹೇಳಿತಲ್ಲಾ ಎಂದು ಲವಿನಿಯಾಳಿಗೆ ಅನ್ನ ಸೇರಲಿಲ್ಲ. ಸಂಕಟದಿಂದ ಎದೆಹಾಲೂ ಕಡಿಮೆಯಾಗುತ್ತಿದೆಯೇನೋ ಎಂದು ಅದೊಂದು ಬೇರೆ ಹೆದರಿಕೆ. ಎರಡು ದಿನ ಬಿಟ್ಟು ಮಗುವನ್ನು ಎತ್ತಿಕೊಂಡು ಚರ್ಚಿನ ಸಭಾಂಗಣಕ್ಕೆ ಹೋಗಿ, ತಾನೂ ಅಂಟು ಹಚ್ಚುವ ನೆಪದಲ್ಲಿ ಫುಸಿಯ ಪಕ್ಕ ಕೂತಳು. ಫುಸಿ ಅತ್ತೆಯ ಕೈಕೆಳಗೆ ಇಪ್ಪತ್ತು ವರ್ಷ ಕೆಲಸ ಮಾಡಿದವಳು. ಲವಿನಿಯಾ ಅವಳನ್ನು ಚಿಕ್ಕಮ್ಮ ಎನ್ನುತ್ತಿದ್ದಳು.

ಅರ್ಧ ಗಂಟೆ ನೋಡಿದ್ದೇ ಸಾಕಾಯಿತು. ಬಟ್ಟೆಯ ಅಂಚಿನಲ್ಲಿ ಒಂದೊಂದು ಅಂಕಣಕ್ಕೂ ಅಂಕಿ ಬರೆಯುವ ಕೆಲಸ ಅತ್ತೆಯದು. ಅತ್ತೆ ಮೂವತ್ತೊಂದು ಬರೆದಳು. ಮುಂದಿನದಕ್ಕೂ ಮೂವತ್ತೊಂದು ಬರೆದಳು. ಫುಸಿ ಕಂದುಬಣ್ಣದಲ್ಲಿ ಅದ್ದಿದ ಚಿಂದಿಯಿಂದ ಅದನ್ನು ಒರೆಸಿ, ಮೂವತ್ತೆರಡು ಮಾಡಿ, ಹಾಡನ್ನು ಎಲ್ಲಿ ಬಿಟ್ಟಿದ್ದಳೋ ಅಲ್ಲಿಂದ ಎತ್ತಿಕೊಂಡಳು. ಅತ್ತೆ ಹಲಗೆಯ ಮೇಲಿನ ಚಿತ್ರದಚ್ಚನ್ನು ತಲೆಕೆಳಗಾಗಿ ಇಟ್ಟಳು; ಎದುರಿನವಳು ಮಾತಾಡುತ್ತಲೇ ಅದನ್ನು ತಿರುಗಿಸಿದಳು.

ಬಣ್ಣದ ಕೈ ತೊಳೆಯಲು ನಲ್ಲಿಯ ಹತ್ತಿರ ಹೋದಾಗ ಲವಿನಿಯಾ ಕೇಳಿದಳು, "ಯಾವಾಗಿಂದ, ಚಿಕ್ಕಮ್ಮ?"

"ಏನು ಯಾವಾಗಿಂದ?"

"ಮೂವತ್ತೊಂದು."

ಫುಸಿ ಬೆರಳ ಸಂದಿಯನ್ನು ಉಜ್ಜಿ ಉಜ್ಜಿ ತೊಳೆದಳು. "ಹೋದ ವರ್ಷ ಕ್ರಿಸ್ಮಸ್ಸಿಂದ. ಅದಕ್ಕೂ ಮುಂಚೇನೇ ಇರಬೋದು. ನಾವೇನು ಲೆಕ್ಕ ಇಟ್ಟಿದೀವಾ?"

"ಮತ್ತೆ ನರ್ಸ್ ಬಂದಾಗ ಯಾಕೆ ಎಲ್ರೂ ಸೇರಿ ಉತ್ತರ ಹೇಳಿದ್ರಿ?"

"ಇನ್ನೇನು ಮಾಡ್ಬೇಕಿತ್ತು? ಕೊಡತಿ ಹಿಡಿಯೋದು ಕಲ್ಸಿದವಳು ಕಣೇ ಅವಳು ನಂಗೆ. ಯಾವಳೋ ಬಂದು ಕೊಡೆ ಕೊಡೆ ಅಂತಾಳೆ, ಅಕ್ಕ ಬಾಯಿ ತೆರ್ಕೊಂಡು ಕೂತಿರ್ತಾಳೆ, ನಾವು ನೋಡ್ತಾ ಕೂರ್ಬೇಕಾ? ನಿಮ್ಮ ಸಿಟಿ ಸ್ಕೂಲಲ್ಲಿ ಅದನ್ನೇ ಕಲ್ಸಿದ್ರಾ?"

"ನೀವು ಮರ್ಯಾದೆ ಉಳಿಸಿದ್ರಿ ಅಂದ್ಕೊಂಡಿದೀರಿ. ಆ ಇಪ್ಪತ್ತೆಂಟು ಹಿಡ್ಕೊಂಡೇ ಅಪ್ಪ ಬೇರೆಯೋರನ್ನ ಕೂರಿಸ್ತಿರೋದು."

ಫುಸಿ ನಲ್ಲಿ ನಿಲ್ಲಿಸುವುದನ್ನೂ ಮರೆತು ನಿಂತಳು.

ಎರಡನೆಯ ಸಲ ಪರೀಕ್ಷೆ ನಡೆದದ್ದು ಲೆಸಿಯೆಲಿಯ ಮನೆಯಲ್ಲಿ. ಒಬ್ಬಳನ್ನೇ ಕೂರಿಸಿ ಕೇಳಬೇಕು ಎಂದು ತರಬೇತಿಯಲ್ಲಿ ಹೇಳಿದ್ದರು. ಒಬ್ಬಳನ್ನೇ ಬಿಟ್ಟು ಎಲ್ಲರೂ ಎದ್ದು ಹೋದರೆ ಅಕ್ಕನಿಗೆ ಏನೋ ಕೇಡಾಗಿದೆ ಅನಿಸುತ್ತದೆ ಎಂದು ಫುಸಿ ಹಟ ಹಿಡಿದಳು. ಕೊನೆಗೆ ಒಪ್ಪಂದವಾಯಿತು: ಹೆಂಗಸರು ಕೋಣೆಯಲ್ಲೇ ಇರುವುದು, ಬೆನ್ನು ತಿರುಗಿಸಿ ಹೂ ಕಟ್ಟುವುದು, ತುಟಿ ಬಿಚ್ಚಬಾರದು. ಫುಸಿಗೆ ತನ್ನ ಮೇಲೇ ನಂಬಿಕೆಯಿರಲಿಲ್ಲ. ಬೇಯಿಸಿದ ದೀವಿಹಲಸಿನ ದೊಡ್ಡ ತುಂಡನ್ನು ಬಾಯಿಗೆ ತುರುಕಿಕೊಂಡೇ ಕೂತಳು. ಲವಿನಿಯಾ ಪರದೆಯಾಚೆ ಮಗುವಿಗೆ ಹಾಲು ಕೊಡುತ್ತಿದ್ದಳು.

"ಇವತ್ತು ಯಾವ ವಾರ, ಅಮ್ಮಾ?"

ಲೆಸಿಯೆಲಿ ಹೆಂಗಸರ ಬೆನ್ನುಗಳನ್ನು ನೋಡಿದಳು. ಯಾವ ಬೆನ್ನೂ ಮಾತಾಡಲಿಲ್ಲ. "ಭಾನುವಾರ ಅಲ್ಲ," ಎಂದಳು, "ಇವ್ರೆಲ್ಲಾ ಕೆಲ್ಸ ಮಾಡ್ತಿದಾರಲ್ಲ."

ಅದಕ್ಕೆ ಹೆಲೆನೆಗೂ ನಗು ಬಂತು. ಆಮೇಲಿನ ಪ್ರಶ್ನೆಗಳಲ್ಲಿ ನಗುವಂಥದೇನೂ ಇರಲಿಲ್ಲ. ಮೂರು ವಸ್ತುಗಳಲ್ಲಿ ದೋಣಿ ಒಂದೇ ಉಳಿದಿತ್ತು. ಮೀನಿನ ಹೆಸರು ನಾಲ್ಕಕ್ಕೆ ನಿಂತಿತು, ಅದರಲ್ಲೂ ಒಂದನ್ನು ಎರಡು ಸಲ ಹೇಳಿದ್ದಳು. ಒಟ್ಟು ಹದಿನಾಲ್ಕು.

ಹೆಲೆನೆ ಕಾಗದ ಮಡಚಿ, ಆಕೆಯ ಎರಡೂ ಕೈ ಹಿಡಿದುಕೊಂಡು ಹೇಳಿದಳು, "ಅಮ್ಮಾ, ನೆನಪಿನ ವಿಷಯದಲ್ಲಿ ಸ್ವಲ್ಪ ತೊಂದರೆ ಕಾಣ್ತಿದೆ. ಇದೇ ಕಾಯಿಲೆ ಅಂತ ನಾನು ಹೇಳೋ ಹಾಗಿಲ್ಲ. ರಕ್ತ ನೋಡ್ಬೇಕು, ಸಕ್ಕರೆ ನೋಡ್ಬೇಕು, ಕಿವಿ ನೋಡ್ಬೇಕು. ಒಂದೊಂದ್ಸಲ ಅದರಿಂದ್ಲೂ ಹೀಗಾಗುತ್ತೆ. ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತೀನಿ."

"ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ?" ಎಂದಳು ಲೆಸಿಯೆಲಿ. "ಅಂಟು ಸಾಲದ ಬಟ್ಟೆ ಥರ ಆಗಿದೆ ತಲೆ. ದೂರದಿಂದ ಚೆನ್ನಾಗಿ ಕಾಣುತ್ತೆ. ಕೈಯಾಡಿಸಿದ್ರೆ ಅಲ್ಲಲ್ಲಿ ಬಿಟ್ಕೊಳ್ಳುತ್ತೆ." ಆಮೇಲೆ ಕೇಳಿದಳು, "ನಾನೇನಾದ್ರೂ ತಪ್ಪು ಮಾಡಿದೀನಾ? ಕೆಲೆಪಿ ಮನೆಯಿಂದ ಗೆಣಸೇ ಬರ್ತಿಲ್ಲ."

ಫುಸಿ ಬಾಯಲ್ಲಿದ್ದುದನ್ನು ನುಂಗಲಾರದೆ ಕೆಮ್ಮಿದಳು. ಪರದೆಯ ಆಚೆಯಿಂದ ಲವಿನಿಯಾ, "ಅಪ್ಪಂಗೆ ಸೊಂಟ ಹಿಡ್ಕೊಂಡಿದೆ, ಅತ್ತೆ. ಹೊಲಕ್ಕೇ ಹೋಗಿಲ್ಲ," ಎಂದಳು. ಸುಳ್ಳು ಎಷ್ಟು ಬೇಗ ಬಂತೆಂದು ಅವಳಿಗೇ ನಾಚಿಕೆಯಾಯಿತು.

ಕೆಲೆಪಿ ಹದಿನಾಲ್ಕನ್ನು ಒಪ್ಪಲಿಲ್ಲ. "ಹೋದ ವಾರ ಇಪ್ಪತ್ತೆಂಟು, ಈ ವಾರ ಹದಿನಾಲ್ಕು. ಪೆನ್ನು ನಿಮ್ಮ ಕೈಲಿದೆ, ಹೇಗೆ ಬೇಕೋ ಹಾಗೆ ಬರೀರಿ."

ಕಾಗದದ ಹಿಂಬದಿ ಇನ್ನೂ ಖಾಲಿಯಿತ್ತು. ಬಹಳ ವರ್ಷದಿಂದ ಬಲ್ಲ ಮನೆಯವರೊಬ್ಬರು ಅಲ್ಲಿ ಉತ್ತರ ಹೇಳಬೇಕು. ಹಿಂದೆ ಹೇಗಿದ್ದರು, ಈಗ ಹೇಗಿದ್ದಾರೆ. ಅತ್ತೆಯನ್ನು ಹುಟ್ಟಿನಿಂದ ಬಲ್ಲವರಲ್ಲಿ ಉಳಿದವನು ಅಪ್ಪ ಒಬ್ಬನೇ. ಸಿಟ್ಟಿನಲ್ಲಿ ಏನೇ ಅಂದಿದ್ದರೂ, ಅಕ್ಕನ ಬದುಕಿನ ವಿಷಯವನ್ನು ಮಗಳ ಎದುರು ಅವನು ಬಿಚ್ಚಿಡುವಂತಿಲ್ಲ, ಮಗಳು ಕೇಳುವಂತೆಯೂ ಇಲ್ಲ. ಲವಿನಿಯಾ ಒಂದು ದಿನವಿಡೀ ಒದ್ದಾಡಿ ಹೆಲೆನೆಯನ್ನು ಹೊಲಕ್ಕೆ ಕರೆದುಕೊಂಡು ಹೋದಳು. ಮದುವೆಗೆ ಇನ್ನು ಎಂಟು ದಿನವಿತ್ತು.

ಕೆಲೆಪಿ ಪಿಕಪ್ ಗಾಡಿಯ ಹಿಂಭಾಗದಲ್ಲಿ ಗೆಣಸಿನ ಬಳ್ಳಿ ಕಟ್ಟುತ್ತ ಕೂತಿದ್ದ. ಮಗಳನ್ನು ಕಂಡವನೇ ಬೆನ್ನು ತಿರುಗಿಸಿದ. ಹೆಲೆನೆ ಆ ಬೆನ್ನಿಗೇ ಪ್ರಶ್ನೆ ಓದಿದಳು. ಲವಿನಿಯಾ ಹತ್ತು ಮಾರು ದೂರ ನಿಂತು ಮಗುವಿನ ಟೋಪಿ ಸರಿಮಾಡಿದಳು, ಮತ್ತೆ ಸರಿಮಾಡಿದಳು.

"ಇಟ್ಟ ವಸ್ತು ಎಲ್ಲಿಟ್ಟೆ ಅಂತ ಹುಡುಕ್ತಾರಾ, ಮಾಮಾ?"

"ಅವಳ ಮನೆಯೊಳಗೆ ನಾನು ಹೋಗಲ್ಲ. ನಂಗೆ ಹೇಗೆ ಗೊತ್ತಾಗುತ್ತೆ?"

"ಹೇಳಿದ್ದನ್ನೇ ಹೇಳ್ತಾರಾ?"

"ಅವಳ ಹತ್ರ ನಾನು ಮಾತಾಡಲ್ಲ. ಇದೇನು ಪ್ರಶ್ನೆ ಕೇಳ್ತೀಯಮ್ಮಾ? ನಿಮ್ಮ ದ್ವೀಪದಲ್ಲಿ ಅಕ್ಕತಂಗೀರೇ ಇಲ್ವಾ?"

ಹೆಲೆನೆ ಕಾಗದವನ್ನು ಮಡಿಲಿಗಿಟ್ಟಳು. "ಹೋಗ್ಲಿ ಮಾಮಾ, ನೀವೇ ಹೇಳಿ. ನಿಮಗೇನು ಗೊತ್ತು ಅವರ ಬಗ್ಗೆ?"

ಬಳ್ಳಿ ಕಟ್ಟುವ ಕೈ ನಿಧಾನವಾಯಿತು. "ನಾನಿರೋ ಮನೆ ಕಡೆ ಬಂದ್ರೆ ಬೇಲಿ ಹತ್ರಾನೇ ನಿಂತು ಕೆಮ್ಮೋಳು. ನಾನು ಹಿಂದಿನ ಬಾಗಿಲಿಂದ ಹೋದ್ಮೇಲೇನೇ ಒಳಗೆ ಬರೋಳು. ಅಪ್ಪ ಸತ್ತಾಗ ಮನೇಲಿ ಇದ್ದದ್ದು ಒಂದೇ ಕೋಣೆ. ಮಳೆ. ನಾನು ಒಳಗಿದ್ದೆ ಅಂತ ಅವಳು ಇಡೀ ಹಗಲು ಹೊರಗೆ, ಸೂರಿನ ನೀರು ಬೀಳೋ ಕಡೆ ನಿಂತಿದ್ಲು. ಅಪ್ಪನ ಮುಖ ನೋಡೋಕೂ ನಾನು ಹೊರಗೆ ಬರ್ಲಿ ಅಂತ ಕಾದ್ಲು. ಆಸ್ಪತ್ರೇಲಿ ನಂಗೆ ಹೊಟ್ಟೆ ಕೊಯ್ದಾಗ ಕಾರಿಡಾರಲ್ಲೇ ನಾಕು ದಿನ ಇದ್ಲಂತೆ, ನರ್ಸ್ ಹೇಳಿದ್ಮೇಲೇ ಗೊತ್ತಾಗಿದ್ದು. ಎಷ್ಟು ಸಿಟ್ಟಿದ್ರೂ..."

ಗಾಡಿಯ ಕಬ್ಬಿಣದ ಅಂಚನ್ನು ಹಿಡಿದುಕೊಂಡ.

"ಎಷ್ಟು ಸಿಟ್ಟಿದ್ರೂ ಅವಳು ಹಾಗೆ ಮಾಡೋಳಲ್ಲ," ಎಂದ. "ಬೇಕಂತ ಮಾಡೋಕೆ ಅವಳ ಕೈಲಿ ಆಗಲ್ಲ."

ಹೆಲೆನೆ ಬರೆದುಕೊಳ್ಳಲು ಪೆನ್ನು ಎತ್ತಿದಳು, ಯಾವ ಪ್ರಶ್ನೆಯ ಮುಂದೆ ಬರೆಯಬೇಕೆಂದು ತೋಚಲಿಲ್ಲ. ಕೊನೆಗೆ ಹಾಳೆಯ ಅಂಚಿನಲ್ಲಿ ಬರೆದಳು: 'ತಮ್ಮನಿದ್ದ ಕೋಣೆಗೆ ಬಂದರು. ಹಿಂದೆಂದೂ ಬಂದವರಲ್ಲ.'

ಅವತ್ತೇ ಗೆಣಸಿನ ಗಾಡಿ ಲೆಸಿಯೆಲಿಯ ಮನೆಗೆ ಹೋಯಿತು. ಪಕ್ಕದೂರಿನವಳಿಗೆ ಕ್ಷಮೆ ಕೇಳಿ ಇನ್ನೊಂದು ಹಂದಿಮರಿ ಹೋಯಿತು. ಅವಳು ಎರಡನ್ನೂ ಇಟ್ಟುಕೊಂಡಳು.

ಆದರೂ ಲವಿನಿಯಾಳ ಚಿಂತೆ ಮುಗಿಯಲಿಲ್ಲ. ಇನ್ನೂರು ಜನರ ಎದುರು ಅತ್ತೆ ಎದ್ದು ಮತ್ತೆ ಅಪ್ಪನ ಪಕ್ಕ ಹೋಗಿ ಕೂತರೆ? ಹುಡುಗಿ ಕಡೆಯವರ ಬಾಯಿ ಮುಚ್ಚಿಸುವವರು ಯಾರು? ಕೆಲೆಪಿಗೂ ಅದೇ ಯೋಚನೆ ಬಂದಿರಬೇಕು. ಮದುವೆಯ ಬೆಳಿಗ್ಗೆ ಅವನು ಅಲ್ಲಿನ ಗೌರವದ ಉಡುಗೆಯಾದ ಚಾಪೆಯನ್ನು, ಹೊಸದನ್ನೇ, ಸೊಂಟಕ್ಕೆ ಸುತ್ತಿಕೊಂಡು ಚರ್ಚಿಗೆ ಹೋಗಿ ಬಂದ, ಬಂದವನೇ ಅದನ್ನು ಬಿಚ್ಚಿಟ್ಟು ಹಿತ್ತಿಲಿನ ಕುಳಿಯೊಲೆಯ ಹತ್ತಿರ, ಹಂದಿ ಸುಡುತ್ತಿದ್ದ ಗಂಡಸರ ನಡುವೆ ಕೂತುಬಿಟ್ಟ.

"ಮಗನ ಮದುವೇಲಿ ಚಪ್ಪರಕ್ಕೆ ಬರಲ್ವಾ, ಅಪ್ಪಾ?"

"ಇಲ್ಲೂ ಯಾರಾದ್ರೂ ಇರ್ಬೇಕಲ್ಲ, ಹಂದಿ ಸೀದುಹೋಗುತ್ತೆ. ನೀನು ಹೋಗಿ ಅವಳ ಹಿಂದೆ ಕೂತ್ಕೋ."

ಲೆಸಿಯೆಲಿ ಮೇಲಿನ ಜಾಗದಲ್ಲಿ ಕೂತಳು. ಒಂದು ಪಕ್ಕದಲ್ಲಿ ಫುಸಿ, ಹಿಂದೆ ಮಗುವಿನೊಂದಿಗೆ ಲವಿನಿಯಾ. ಯಾರಾದರೂ ಬಂದು ಕೆನ್ನೆಗೆ ಮುತ್ತಿಟ್ಟರೆ ಲವಿನಿಯಾ ಹಿಂದಿನಿಂದ ಹೆಸರು ಹೇಳುವುದು, ಅತ್ತೆ ಅದನ್ನೇ ದೊಡ್ಡ ದನಿಯಲ್ಲಿ ಹೇಳುವುದು. ಚೆನ್ನಾಗಿಯೇ ನಡೆಯಿತು. ಕೊನೆಗೆ ಹುಡುಗಿ ಕಡೆಯ ಹಿರಿಯ ಒಂದು ಚಾಪೆ ತಂದಿಟ್ಟ. ಅದು ಹುಡುಗಿಯ ಮುತ್ತಜ್ಜಿ ನೇಯ್ದದ್ದು, ರೇಷ್ಮೆಯಷ್ಟು ನಯ. ಸಂಬಂಧ ಬೆಸೆಯುವ ವಸ್ತು. ಸೋದರತ್ತೆ ಇಟ್ಟುಕೊಂಡು ಮುಂದೆ ಮೊಸೆಸೆಯ ಮಗಳಿಗೆ ಕೊಡಬೇಕಾದದ್ದು.

ಲೆಸಿಯೆಲಿ ಅದನ್ನು ಕೈಯಲ್ಲಿ ಸವರಿದಳು. ಚಪ್ಪರದ ಮೇಲೆ ಕಣ್ಣಾಡಿಸಿದಳು. ಕೊನೆಯ ಸಾಲಿನಲ್ಲಿ ಕೆಸುವಿನೆಲೆಯ ಪೊಟ್ಟಣ ಬಿಚ್ಚುತ್ತಿದ್ದ ಹೆಲೆನೆಯನ್ನು ತೋರಿಸಿ, "ಆ ಹುಡುಗಿಗೆ," ಎಂದಳು.

"ಅಕ್ಕಾ," ಎಂದು ಫುಸಿ ಉಸುರಿದಳು, "ಅವಳು ನರ್ಸು."

"ಯಾರಾದ್ರೇನು? ನನ್ನ ಕೈ ಹಿಡ್ಕೊಂಡು ಚೆನ್ನಾಗಿ ಮಾತಾಡಿದ್ಲು. ಏನು ಮಾತಾಡಿದ್ಲೋ ನೆನಪಿಲ್ಲ. ಕೊಡಿ ಅವಳಿಗೆ."

ಹುಡುಗಿ ಕಡೆಯ ಹಿರಿಯ ತನ್ನವರ ಮುಖ ನೋಡಿದ. ಆದರೆ ಆ ಜಾಗದಲ್ಲಿ ಕೂತವಳು ಕೊಟ್ಟದ್ದು ಕೊಟ್ಟದ್ದೇ, ಅದನ್ನು ತಪ್ಪು ಎನ್ನುವ ಹಕ್ಕು ಯಾರಿಗೂ ಇಲ್ಲ. ಹಿರಿಯ ಎದ್ದು, ಹೊಸ ಕುಟುಂಬದ ಆರೋಗ್ಯ ಕಾಯುವವಳಿಗೆ ಇದು ಸಲ್ಲಬೇಕಾದದ್ದೇ ಎಂದು ನಾಲ್ಕು ಅಲಂಕಾರದ ಮಾತು ಸೇರಿಸಿ ಭಾಷಣವನ್ನೇ ಮಾಡಿದ. ಜನ ಚಪ್ಪಾಳೆ ತಟ್ಟಿದರು.

ಹೆಲೆನೆ ಚಾಪೆಯನ್ನು ಎದೆಗವಚಿಕೊಂಡು ಹಿತ್ತಿಲಿಗೆ ಓಡಿಬಂದಳು, ಅವಳ ಹಿಂದೆಯೇ ಲವಿನಿಯಾ. "ನಂಗೆ ಬೇಡ ಕಣೇ! ಮನೆಗೆ ತಗೊಂಡು ಹೋದ್ರೆ ನಮ್ಮಮ್ಮ ಎಲ್ಲಿ ಕದ್ದೆ ಅಂತ ಬಾರಿಸ್ತಾಳೆ. ಮಾಮಾ, ನೀವಾದ್ರೂ ವಾಪಸ್ ತಗೊಳ್ಳಿ."

ಕೆಲೆಪಿ ಒಲೆಯ ಮೇಲಿನ ಎಲೆ ಸರಿಸುತ್ತ ಎಲ್ಲವನ್ನೂ ಕೇಳಿಸಿಕೊಂಡ. "ಅಕ್ಕ ಕೊಟ್ಟದ್ದನ್ನ ವಾಪಸ್ ತಗೊಳ್ಳೋಕೆ ನಾನ್ಯಾರು?" ಎಂದ. "ಆಸ್ಪತ್ರೆಗೆ ಯಾವತ್ತು ಕರ್ಕೊಂಡು ಹೋಗ್ಬೇಕು ಅಂದೆ?"

"ಬುಧವಾರ, ಎಂಟು ಗಂಟೆಗೆ."

"ಗಾಡಿ ನಾನೇ ಓಡಿಸ್ತೀನಿ. ಅವಳು ಹಿಂದೆ ಕೂರ್ಲಿ, ನಡುವೆ ಒಂದು ಬಟ್ಟೆ ಕಟ್ಟು," ಎಂದು ಮಗಳಿಗೆ ಹೇಳಿ, ಸುಟ್ಟ ಹಂದಿಯ ಬೆನ್ನಿನ ಭಾಗವನ್ನು ಕೊಯ್ದು ಸೋದರತ್ತೆಯ ಪಾಲೆಂದು ಬೇರೆ ಎಲೆಯಲ್ಲಿ ಸುತ್ತಿದ.